ಚಿಟಿಕೆ

ಆಕಳಿಕೆ ಬರುತ್ತದೆಂದು ಯಾರೂ ಹೇಳಿರಲಿಲ್ಲ.
ಡಬ್ಬಿಯೊಳಗಿನ ಕಾಗದ ಬಿಡಿಸುತ್ತ ಹೋದರೆ
ದಿಂಬು ಮುಚ್ಚುವಷ್ಟು ಅಗಲ, ಇರುವೆಸಾಲಿನ ಅಕ್ಷರ:
ವಾಕರಿಕೆ, ನಡುಕ, ಬೆವರು, ಒಣಬಾಯಿ,
ವಿಚಿತ್ರ ಕನಸು.
ಕೊನೆಯ ಮಡಿಕೆಯಲ್ಲಿ ಇತ್ತು ಅದೂ.
ಅಲ್ಲಿಗೆ ಬರುವಷ್ಟರಲ್ಲಿ
ಎರಡು ಸಲ ಆಕಳಿಸಿಯಾಗಿತ್ತು.

ನಿದ್ದೆಯದ್ದಲ್ಲ ಇದು.
ದವಡೆಯ ಕೀಲು ಕಳಚುವಂಥದ್ದು,
ಬೆಳಗಿನ ಆರಕ್ಕೆ ಬೇಕರಿಯ ಒಲೆಯ ಮುಂದೆ,
ಮದುವೆ ಕೇಕು ಎಷ್ಟು ಅಂತಸ್ತಿರಬೇಕೆಂದು
ಆಸೆಯಿಂದ ಹೇಳುತ್ತಿದ್ದ ಹುಡುಗಿಯ ಮುಖದ ಮುಂದೆ.
ಪಾಪ, ಮೂರರಿಂದ ಎರಡಕ್ಕಿಳಿಸಿದಳು.

ಪದ್ದತ್ತೆ ಕಲಿಸಿದ್ದು: ಆಕಳಿಸುವಾಗ
ಬಾಯೆದುರು ಚಿಟಿಕೆ ಹೊಡಿ.
ತೆರೆದ ಬಾಗಿಲಿಗೆ ಕಾವಲು ಬೇಡವೇ?
ಒಳಗಿನದು ಜಾರೀತು, ಹೊರಗಿನದು ಹೊಕ್ಕೀತು.
ಯಾವುದು ಅತ್ತೆ, ಎಂದರೆ
ಯಾವುದೋ ಒಂದು, ಹೊಡಿ ಸುಮ್ಮನೆ.

ನಲವತ್ತೇಳರಲ್ಲಿ, ಲಿಂಕನ್ ಊರಿನಲ್ಲಿ,
ಹೆಬ್ಬೆರಳು ನಡುಬೆರಳು ತಾವಾಗಿ ಕೂಡಿದವು.
ಯಾವ ಹಾಡು ಆಂಬರ್, ಎಂದಳು ಡೋರೀನ್.
ಅಂಬುಜಾಕ್ಷಿ ಅವಳ ಬಾಯಲ್ಲಿ ಹಿಡಿಸುವುದಿಲ್ಲ.
ಹಾಡಲ್ಲ ಕಣೆ, ಐವತ್ತು ಮಿಲಿಗ್ರಾಂ
ಎನ್ನಬೇಕೆಂದರೆ ನಾಲಿಗೆ ಅಂಗುಳಿಗೆ
ಅಂಚೆಚೀಟಿಯಂತೆ ಅಂಟಿತ್ತು.

ಕೈ ನಡುಗುವುದು ಬೇರೆ ಕತೆ.
ಕ್ರೀಮಿನ ಚೀಲ ಹಿಂಡಿ ಕೇಕಿನ ಮೇಲೆ
ಹೆಸರು ಬರೆಯುವುದು ನನ್ನ ಅನ್ನ.
ಮೂರನೆಯ ವಾರ ಹ್ಯಾರಿಯೆಟ್ ಎಂಬವಳ ಎರಡು ಆರ್‌ಗಳು
ಹಳ್ಳ ದಾಟಲಾರದ ಮೇಕೆಮರಿಗಳಂತೆ
ಒಂದರ ಹಿಂದೊಂದು ತಡವರಿಸಿ ನಿಂತವು.
ಚಾಕುವಿನಲ್ಲಿ ಕೆರೆದೆ. ಮತ್ತೆ ಬರೆದೆ. ಮತ್ತೆ ಕೆರೆದೆ.
ಕೆರೆದದ್ದನ್ನು ನೆಕ್ಕಿದೆ, ನೆಕ್ಕಬಾರದಿತ್ತು,
ಸಿಂಕಿಗೆ ಓಡಿದೆ.
ಈಗ ಮೊಣಕೈ ಮೇಜಿಗೂರಿ
ಉಸಿರು ಬಿಡುವಾಗಷ್ಟೇ ಗೆರೆಯೆಳೆಯುತ್ತೇನೆ,
ಬಂದೂಕಿನವರ ಹಾಗೆ.
ಈ ಊರಿನಲ್ಲಿ ಚಿಕ್ಕ ಹೆಸರಿನವರೇ ಹುಟ್ಟಲಿ ಎಂದು
ಹರಸುತ್ತೇನೆ.

ಔಷಧಿ ಅಂಗಡಿಯ ಕ್ವಾಬೆನಾ
ಕಪಾಟಿನಷ್ಟೇ ಇರುವ ಕೋಣೆಗೆ ಕರೆದು ಹೇಳಿದ:
ಖಾಲಿ ಹೊಟ್ಟೆಗೆ ಬೇಡ, ತಿಂಡಿಯ ಜೊತೆ;
ಸಕ್ಕರೆಯಿಲ್ಲದ ಗಮ್ ಅಗಿಯಿರಿ;
ನಿಮಗೆ ನೀವೇ ನಿಲ್ಲಿಸಬೇಡಿ;
ಬಹಳಷ್ಟು ಕಡಿಮೆಯಾಗುತ್ತದೆ, ಆರು ವಾರ.
ಆರು ವಾರ ಎನ್ನುವಾಗ ನೆಲ ನೋಡಿದ.
ನಿನಗೆ ಹೇಗೆ ಗೊತ್ತಪ್ಪ ಎಂದು ಕೇಳಲಿಲ್ಲ.

ಆದರೂ ಒಂದು ಶನಿವಾರ, ಭಾನುವಾರ
ಬೇಕೆಂದೇ ನುಂಗಲಿಲ್ಲ.
ಸೋಮವಾರ ಕಣ್ಣು ಹೊರಳಿಸಿದರೆ ಸಾಕು,
ಬುರುಡೆಯೊಳಗೆ ಚುರ್ರೆಂದಿತು,
ಒದ್ದೆಗೈಯಲ್ಲಿ ಸ್ವಿಚ್ಚು ಮುಟ್ಟಿದ ಹಾಗೆ.
ಮತ್ತೆ ಗಂಜಿ, ಮಾತ್ರೆ, ಗಮ್.

ಐದನೆಯ ವಾರ ಹರಿಹರದಿಂದ ಅಣ್ಣನ ಫೋನು.
ಪದ್ದತ್ತೆ ಹೋದಳು. ನಿದ್ದೆಯಲ್ಲೇ.
ಅಳಬೇಕಿತ್ತು.
ಎಲ್ಲಿಂದ ಶುರುವಾಗುತ್ತದೆಂದು ಗೊತ್ತಿತ್ತು, ಮೂಗಿನ ಬುಡದಿಂದ.
ಕಾದೆ,
ಬಸ್ಸು ನಿಂತುಹೋದ ದಾರಿಯಲ್ಲಿ ಬಸ್ಸಿಗೆ ಕಾದ ಹಾಗೆ.
ಬಂದದ್ದು ಆಕಳಿಕೆ.
ದೊಡ್ಡದು, ಕಣ್ಣಲ್ಲಿ ನೀರು ತರಿಸುವಂಥದ್ದು.
ಅಳಬೇಡ ಪುಟ್ಟೀ, ಎಂದ ಅಣ್ಣ ಆಚೆಯಿಂದ.
ಚಿಟಿಕೆ ಹೊಡೆದೆ.
ಅವನಿಗೂ ಕೇಳಿಸಿರಬೇಕು.
ತುಂಬ ಹೊತ್ತು ಸುಮ್ಮನಿದ್ದ.

ಕೆಲಸ ಮುಗಿಸಿ ನಾನು ಹತ್ತುವ ಬೀದಿಗೆ
ಹೆಸರೇ ಕಡಿದಾದ ದಿಬ್ಬ.
ಮುಂಚೆ ಅರ್ಧ ಹತ್ತುವಾಗ ಎದೆ ಹೊಡೆದುಕೊಂಡರೆ
ಸತ್ತೆ ಎಂದೇ ಅಂಗಡಿ ಕಿಟಕಿಗೆ ಅಂಟಿ
ಫೋನಿನಲ್ಲಿ ಎರಡು ಒಂಬತ್ತು ಒತ್ತಿ
ಮೂರನೆಯದರ ಮೇಲೆ ಬೆರಳಿಟ್ಟು ನಿಂತಿರುತ್ತಿದ್ದೆ.
ಇವತ್ತೂ ಹೊಡೆದುಕೊಂಡಿತು.
ದಿಬ್ಬಕ್ಕೆ ಹೊಡೆದುಕೊಂಡಿತು, ಅಷ್ಟೆ.
ಕಂಬಿ ಹಿಡಿದು ಸುಧಾರಿಸಿಕೊಂಡೆ.
ಅದೇ ಕಂಬಿ ಹಿಡಿದು ಮೇಲೆ ನಿಂತಿದ್ದ ಮುದುಕ,
ಕೈಯಲ್ಲೊಂದು ಲೀಕ್ಸ್ ಕಟ್ಟು,
ನನ್ನ ಆಕಳಿಕೆ ನೋಡಿ ತಾನೂ ಆಕಳಿಸಿದ.
ಅವನ ಎರಡೂ ಕೈಗೆ ಬಿಡುವಿರಲಿಲ್ಲ, ಪದ್ದತ್ತೆ.
ಅವನ ಪಾಲಿನದ್ದನ್ನೂ
ನಾನೇ ಹೊಡೆದೆ.